ಹಳೆಯ ಗೋವೆಯ ಕೆಂಪು ಇಗರ್ಜಿ

ಕನಕಪುರ ಸೀಮೆಯ ದೊಡ್ಡಆಲಹಳ್ಳಿಯ ಕಡೆಯವರಿಗೆ ಕಲ್ಲೆಂದರೆ ಹೆಬ್ಬಂಡೆ. ಎಂತಹ ಮಳೆಗೂ ಜಗ್ಗದುದು. ಅದೇ ಕಣ್ಣಿನಿಂದ ಹಳೆಯ ಗೋವೆಯನ್ನು ನೋಡಹೊರಟ ಪ್ರವಾಸಿಗೆ ಬೇರೊಂದು ಕಲ್ಲಿನ ಕಥೆ ಎದುರಾಗುತ್ತದೆ.

ಸ್ಪೇನಿನ ಅರಸರ ಆಳ್ವಿಕೆಯಲ್ಲಿ ಎದ್ದ ಕಟ್ಟಡಗಳನ್ನು ಕಾಣಲು ಮೆಕ್ಸಿಕೋವಿಗೋ ಮನಿಲಾಕ್ಕೋ ಹೋಗಬೇಕಾಗಿಲ್ಲ. 1510ರಲ್ಲಿ ಅಲ್ಬುಕರ್ಕನು ಗೆದ್ದ ಗೋವೆ ಪೋರ್ಚುಗೀಸರದೇ ಸರಿ. ಆದರೆ 1580ರಿಂದ 1640ರವರೆಗೆ ಪೋರ್ಚುಗಲ್ಲಿನ ಕಿರೀಟವೂ ಸ್ಪೇನಿನ ಅರಸರ ಶಿರವನ್ನೇರಿತ್ತು. ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಬೊಂ ಜೆಸು ಇಗರ್ಜಿಯು ಎದ್ದುದು ಆ ಕಾಲದಲ್ಲಿಯೇ: 1594ರಲ್ಲಿ ಆರಂಭ, 1605ರಲ್ಲಿ ಪ್ರತಿಷ್ಠೆ.

ಅದರ ವಿನ್ಯಾಸ ಐರೋಪ್ಯ. ಗೋಡೆಗಳು ಮಾತ್ರ ನಮ್ಮ ಕರಾವಳಿಯ ಮನೆಗಳಲ್ಲಿ ಕಾಣುವ ಜಂಬಿಟ್ಟಿಗೆಯವು. ನೆಲದಿಂದ ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಗಟ್ಟಿಯಾಗುವುದಾದರೂ ಮೈಯೆಲ್ಲ ರಂಧ್ರ, ನೀರನ್ನು ಹೀರಿಕೊಳ್ಳುತ್ತದೆ. ಅದನ್ನರಿತೇ ಕಟ್ಟಿದವರು ಸುಣ್ಣದ ಗಾರೆಯನ್ನು ಹೊದಿಸಿದ್ದರು. 1950ರ ದಶಕದಲ್ಲಿ ಆ ಗಾರೆಯನ್ನು ಕೆತ್ತಿ ತೆಗೆಯಲಾಯಿತು. ಇಂದು ನೋಡುವವರು ಮೆಚ್ಚಿ ಚಿತ್ರ ತೆಗೆಯುವ ಕೆಂಪು ಇಗರ್ಜಿಯ ಮೂಲ ವರ್ಣವಲ್ಲ, ಹೊದಿಕೆ ಕಳೆದ ಮೈ. ವರ್ಷವರ್ಷದ ಮುಂಗಾರು ಅದನ್ನು ಸವೆಸುತ್ತಿದೆ. ಮರಳಿ ಗಾರೆ ಮಾಡಬೇಕೆಂಬವರೂ ಕೆಂಪೇ ಅದರ ಗುರುತೆಂಬವರೂ ಉಂಟು.

ಈ ವಾದವನ್ನು ತೂಗಿ ನೋಡಬಯಸುವವರು ರಸ್ತೆಯನ್ನು ದಾಟಿದರೆ ಸಾಕು. ಅಲ್ಲಿ 1562ರಲ್ಲಿ ಆರಂಭವಾಗಿ 1619ರಲ್ಲಿ ಮುಗಿದ ಸೆ ಕೆಥೆಡ್ರಲ್ ನಿಂತಿದೆ. 1776ರಲ್ಲಿ ಅದರ ಎರಡು ಗೋಪುರಗಳಲ್ಲೊಂದು ಕುಸಿಯಿತು. ಆದರೂ ಬಿಳಿಯ ಸುಣ್ಣದ ಹೊದಿಕೆ ಅದರ ಮೈಮೇಲಿದೆ. ಹಳೆಯದನ್ನು ಉಳಿಸಹೊರಟವರು ಮೊದಲು ಕೇಳಬೇಕಾದುದು, ಅದು ಹೇಗೆ ಚೆಂದ ಕಾಣುವುದೆಂದಲ್ಲ; ಕಟ್ಟಿದವರು ಅದನ್ನು ಹೇಗೆ ಕಾಪಾಡಿದ್ದರೆಂದು.