ಬಿತ್ತಿದ ಬೀಜಕ್ಕೊಂದು ಹೊದಿಕೆ

ಹಸುಗೂಸಿಗೆ ಹೊದಿಸುವ ಬಟ್ಟೆಯನ್ನು ತಾಯಿ ಬಹು ಎಚ್ಚರದಿಂದ ಆರಿಸುತ್ತಾಳೆ. ಅದು ಚಳಿಯನ್ನು ತಡೆಯಬೇಕು, ಆದರೆ ಉಸಿರು ಕಟ್ಟಿಸಬಾರದು. ಮೈಯನ್ನು ಮುಚ್ಚಬೇಕು, ಆದರೆ ಕೈಕಾಲು ಆಡದಂತೆ ಬಿಗಿಯಬಾರದು. ಆಗತಾನೆ ಮಣ್ಣಿಗೆ ಬಿದ್ದ ಬೀಜದ ವಿಷಯದಲ್ಲಿ ರೈತನ ಹೊಣೆಯೂ ಇಂತಹುದೇ ಆಗಿದೆ. ಬೀಜವನ್ನು ಬಿತ್ತುವುದು ಒಂದು ದಿನದ ಕೆಲಸ. ಅದು ಸಸಿಯಾಗಿ ತಲೆಯೆತ್ತುವವರೆಗೆ ಕಾಯುವುದು ಹಲವು ದಿನಗಳ ಕೆಲಸ.

ಆನಂದಪುರವು ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಘಟ್ಟದಂಚಿನ ಆಗುಂಬೆ, ಹುಲಿಕಲ್ಲುಗಳಷ್ಟು ಮಳೆ ಇಲ್ಲಿ ಬೀಳದಿದ್ದರೂ ಬೀಳುವುದು ಮಲೆನಾಡಿನ ಮಳೆಯೇ. ಇತ್ತೀಚಿನ ದಶಕಗಳಲ್ಲಿ ಅನೇಕ ಗದ್ದೆಗಳು ಅಡಿಕೆ ತೋಟಗಳಾಗಿವೆ. ಆದರೂ ಮೇ ತಿಂಗಳ ಕೊನೆಯಲ್ಲಿ ರೋಹಿಣಿ ಮಳೆ ಕಾಲಿಟ್ಟಿತೆಂದರೆ ಇಲ್ಲಿನ ಹಳ್ಳಿಗಳಲ್ಲಿಯೂ, ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲಿಯೂ ಬತ್ತದ ಅಗೆ ಹಾಕುವ ಕೆಲಸ ಮೊದಲಾಗುತ್ತದೆ. ಒಂದು ಎಕರೆ ಗದ್ದೆಯ ನಾಟಿಗೆ ಬೇಕಾದ ಸಸಿಗಳು ಸುಮಾರು 4 ಗುಂಟೆಯ ಮಡಿಯಲ್ಲಿ ಬೆಳೆಯುತ್ತವೆ. ಆ ಮಡಿಗೆ ಬೀಳುವ ಬೀಜ ಸುಮಾರು 25 ಕಿಲೋಗ್ರಾಂ. ಹೀಗೆ ಒಂದು ಕುಟುಂಬದ ವರ್ಷದ ಅನ್ನವೆಲ್ಲ ಕೆಲವು ದಿನಗಳ ಮಟ್ಟಿಗೆ ಅಂಗಳದಷ್ಟು ನೆಲವನ್ನು ಆಶ್ರಯಿಸಿರುತ್ತದೆ. ಮಡಿ ಕೆಟ್ಟರೆ ಬೀಜವನ್ನು ಮತ್ತೆ ತಂದು ಬಿತ್ತಬಹುದು. ಕಳೆದುಹೋದ ಹದವನ್ನು ತರಲಾಗುವುದಿಲ್ಲ.

ಬತ್ತವು ಹುಲ್ಲಿನ ಕುಲಕ್ಕೆ ಸೇರಿದ ಸಸ್ಯ. ರಾಗಿ, ಜೋಳ, ಕಬ್ಬು, ಬಿದಿರುಗಳೂ ಅದೇ ಕುಲದವು. ಆದುದರಿಂದ ಬತ್ತದ ಒಣಮಡಿಗೆ ಹೇಳುವ ಮಾತು ರಾಗಿಯ ಮಡಿಗೂ, ದನಗಳ ಮೇವಿಗಾಗಿ ಬಿತ್ತುವ ಹುಲ್ಲಿಗೂ, ಶಾಲೆಯ ಅಂಗಳದ ಹಸುರುಹಾಸಿಗೂ ಬಹುಮಟ್ಟಿಗೆ ಸಲ್ಲುತ್ತದೆ.

ಹೊಸದಾಗಿ ಬಿತ್ತಿದ ಬೀಜಕ್ಕೆ ಶತ್ರುಗಳು ಮೂರು. ಮೊದಲನೆಯದು ಮಳೆಯ ಹನಿ. ಮಳೆಯಿಲ್ಲದೆ ಬೀಜ ಮೊಳೆಯದು. ಆದರೆ ಬರಿಯ ನೆಲದ ಮೇಲೆ ನೇರವಾಗಿ ಬೀಳುವ ಮಳೆ ಅದೇ ಬೀಜವನ್ನು ಕೊಚ್ಚಿ ಒಯ್ಯುತ್ತದೆ. ದೊಡ್ಡ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಿಂದ ನೆಲಕ್ಕೆ ಅಪ್ಪಳಿಸುತ್ತದೆ. ಆ ಪೆಟ್ಟಿಗೆ ಮಣ್ಣಿನ ಹೆಂಟೆ ಒಡೆದು ನುಣ್ಣನೆಯ ಕಣಗಳು ಮೇಲೆ ಹಾರುತ್ತವೆ. ಮತ್ತೆ ಕೆಳಗಿಳಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಬಳಿಕ ಬಿಸಿಲು ಬಂದರೆ ಅಲ್ಲಿ ಹೆಪ್ಪುಗಟ್ಟಿದ ಪದರವೊಂದು ಉಂಟಾಗುತ್ತದೆ. ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಎಳೆಯ ಮೊಳಕೆಗೆ ಆ ಪದರವನ್ನು ಸೀಳುವುದು ಕಷ್ಟವಾಗುತ್ತದೆ. ಎರಡನೆಯ ಶತ್ರು ಬಿಸಿಲು. ಒಮ್ಮೆ ನೀರು ಹೀರಿ ಮೊಳೆಯತೊಡಗಿದ ಬೀಜ ಒಣಗಿತೆಂದರೆ ಚೇತರಿಸಿಕೊಳ್ಳುವುದು ಅಪರೂಪ. ಮೂರನೆಯವು ಹಕ್ಕಿ, ಇರುವೆಗಳು. ಇವು ಬಿತ್ತಿದ ದಿನವೇ ಮಡಿಗೆ ಬಂದು ತಮ್ಮ ಪಾಲನ್ನು ಕೇಳುತ್ತವೆ.

ಹೊದಿಕೆಯು ಈ ಮೂವರನ್ನೂ ತಡೆಯಬೇಕು. ಆದರೆ ಅದಕ್ಕೊಂದು ಮಿತಿಯುಂಟು. ಹುಲ್ಲಿನ ಕುಲದ ಮೊಳಕೆ ಸೂಜಿಯ ಮೊನೆಯಂತೆ ಮೇಲೇರುತ್ತದೆ. ಅದರ ಎಳೆಯ ಎಲೆಯನ್ನು ಕೊಳವೆಯಂತಹ ಕವಚವೊಂದು ಕಾಪಾಡುತ್ತಿರುತ್ತದೆ. ಬೆಳಕು ತಾಗಿದಾಗ ಕವಚದ ಬೆಳವಣಿಗೆ ನಿಲ್ಲುತ್ತದೆ; ಎಲೆಯು ಅದನ್ನು ಸೀಳಿ ಹೊರಬಂದು ಹಸುರಾಗುತ್ತದೆ. ಹೊದಿಕೆ ದಪ್ಪವಾಗಿದ್ದರೆ ಮೊಳಕೆಯು ಬೆಳಕನ್ನು ಹುಡುಕುತ್ತ ಉದ್ದವಾಗಿ ಬೆಳ್ಳಗೆ ಬೆಳೆಯುತ್ತದೆ. ಬೀಜದೊಳಗಿನ ಅಲ್ಪ ಆಹಾರವೆಲ್ಲ ಆ ಹುಡುಕಾಟದಲ್ಲಿಯೇ ಮುಗಿದುಹೋಗುತ್ತದೆ. ಅಂತಹ ಸಸಿಗೆ ನೆಟ್ಟಗೆ ನಿಲ್ಲುವ ಶಕ್ತಿ ಇರುವುದಿಲ್ಲ.

ಹಾಗಾದರೆ ಯಾವುದನ್ನು ಹೊದಿಸಬೇಕು? ಮಲೆನಾಡಿನ ರೈತನ ಕೈಗೆ ಸಿಗುವ ವಸ್ತುಗಳು ಹಲವು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಪುಡಿಯನ್ನು ತೆಳುವಾಗಿ ಉದುರಿಸಿದರೆ ಬೀಜ ಮುಚ್ಚುತ್ತದೆ, ತೇವ ಉಳಿಯುತ್ತದೆ. ಆದರೆ ಗೊಬ್ಬರವೊಂದೇ ಬಿರುಮಳೆಯ ಪೆಟ್ಟನ್ನು ತಾಳಲಾರದು. ಹಸಿಗೊಬ್ಬರವನ್ನಂತೂ ಹಾಕಲೇಬಾರದು, ಅದು ಕಳಿಯುವಾಗ ಹುಟ್ಟುವ ಕಾವು ಮೊಳಕೆಗೆ ಕೇಡು. ಹಸಿಸೊಪ್ಪನ್ನು ರಾಶಿಯಾಗಿ ಹಾಸಿದರೂ ಇದೇ ತೊಂದರೆ. ತೇಗದಂತಹ ಅಗಲವಾದ ಎಲೆಗಳು ಮಳೆಗೆ ನೆನೆದು ಒಂದಕ್ಕೊಂದು ಅಂಟಿಕೊಂಡು ಚಾಪೆಯಂತಾಗುತ್ತವೆ. ಅಕೇಶಿಯದ ಎಲೆಗಳು ಬೇಗ ಕಳಿಯುವುದಿಲ್ಲ. ಅಡಿಕೆಯ ಹಾಳೆ ನೀರನ್ನೂ ಗಾಳಿಯನ್ನೂ ಒಳಗೆ ಬಿಡದು. ಪ್ಲಾಸ್ಟಿಕ್ ಹಾಳೆ ಸಾಲಾಗಿ ನೆಟ್ಟ ತರಕಾರಿ ಗಿಡಗಳ ಬುಡಕ್ಕೆ ಒದಗಬಹುದು. ಚೆಲ್ಲಿ ಬಿತ್ತಿದ ಬೀಜಕ್ಕೆ ಸಲ್ಲದು. ಹಳೆಯ ಗೋಣಿತಾಟು ಸಣ್ಣ ಮಡಿಗೆ ಒಳ್ಳೆಯ ಹೊದಿಕೆ. ಅದರ ನೆಯ್ಗೆಯ ನಡುವೆ ಮೊಳಕೆ ತೂರಿಕೊಳ್ಳುವ ಮೊದಲೇ ಅದನ್ನು ತೆಗೆಯಬೇಕು, ಅಷ್ಟೆ.

ಇವೆಲ್ಲವುಗಳ ನಡುವೆ ಬತ್ತದ ಒಣಹುಲ್ಲಿಗೆ ಮೊದಲ ಸ್ಥಾನ ಸಲ್ಲುತ್ತದೆ. ಅದರ ಎಳೆಗಳು ಟೊಳ್ಳಾಗಿ ಹಗುರವಾಗಿರುತ್ತವೆ. ಒಂದರ ಮೇಲೊಂದು ಅಡ್ಡಡ್ಡಲಾಗಿ ಬಿದ್ದಾಗ ನಡುವೆ ಗಾಳಿಬೆಳಕುಗಳಿಗೆ ಎಡೆ ಉಳಿಯುತ್ತದೆ. ಹನಿಯ ಪೆಟ್ಟನ್ನು ಹುಲ್ಲು ತಿನ್ನುತ್ತದೆ. ನೀರು ಮಾತ್ರ ಮೆಲ್ಲಗೆ ಮಣ್ಣಿಗೆ ಇಳಿಯುತ್ತದೆ. ಜಪಾನಿನ ರೈತ ಮಸನೊಬು ಫುಕುವೊಕಾ (1913–2008) ಷಿಕೊಕು ದ್ವೀಪದ ತಮ್ಮ ಹೊಲದಲ್ಲಿ ಹಲವು ದಶಕಗಳ ಕಾಲ ಬೀಜದ ಮೇಲೆ ಹುಲ್ಲು ಹೊದಿಸಿಯೇ ಧಾನ್ಯ ಬೆಳೆದರು. ಹುಲ್ಲನ್ನು ಕತ್ತರಿಸಿ ಒಪ್ಪವಾಗಿ ಜೋಡಿಸದೆ, ಗಾಳಿಗೆ ಉದುರಿದಂತೆ ಅಡ್ಡಾದಿಡ್ಡಿಯಾಗಿ ಚೆಲ್ಲಬೇಕೆಂಬುದು ಅವರು ಕಂಡುಕೊಂಡ ಸತ್ಯ. ಒಪ್ಪವಾಗಿ ಹಾಸಿದ ಹುಲ್ಲು ಕಣ್ಣಿಗೆ ಚೆಂದ. ಮೊಳಕೆಗೆ ಅದೊಂದು ಮುಚ್ಚಿದ ಬಾಗಿಲು.

ಹುಲ್ಲನ್ನು ಹೊದಿಸುವುದರಲ್ಲಿಯೂ ಕ್ರಮವುಂಟು. ಬತ್ತದ ಕಾಳು ಉಳಿದಿರುವ ಹುಲ್ಲನ್ನು ಬಳಸಿದರೆ ಬೇರೆ ತಳಿಯ ಸಸಿಗಳು ಮಡಿಯಲ್ಲಿ ಹುಟ್ಟಿ ಬೆರೆಯುತ್ತವೆ. ಹಕ್ಕಿಗಳನ್ನೂ ಅದು ಕರೆಯುತ್ತದೆ. ಆದುದರಿಂದ ಚೆನ್ನಾಗಿ ಕೊಡವಿದ ಹುಲ್ಲೇ ಆಗಬೇಕು. ಮೇಲಿನಿಂದ ನೋಡಿದರೆ ಹುಲ್ಲಿನೆಡೆಯಲ್ಲಿ ಅಲ್ಲಲ್ಲಿ ಮಣ್ಣು ಕಾಣುತ್ತಿರಬೇಕು. ಮಡಿ ಸ್ವಲ್ಪ ಎತ್ತರವಾಗಿದ್ದು, ಸುತ್ತ ನೀರು ಹರಿಯಲು ಕಾಲುವೆ ಇರಬೇಕು. ಇಲ್ಲವಾದರೆ ಜಡಿಮಳೆಯಲ್ಲಿ ಹುಲ್ಲು ತೇಲಿ ಒಂದೆಡೆ ಸೇರುತ್ತದೆ. ಮೊಳಕೆಗಳು ಹಸುರಾಗಿ ಇಣುಕುತ್ತಲೇ ಸಂಜೆಯ ಹೊತ್ತಿನಲ್ಲಿಯೋ ಮೋಡ ಮುಸುಕಿದ ದಿನದಲ್ಲಿಯೋ ಹುಲ್ಲನ್ನು ಮೆಲ್ಲಗೆ ಎತ್ತಿ ತೆಗೆಯಬೇಕು. ಹೊದಿಸಲು ತಿಳಿದರೆ ಸಾಲದು. ತೆಗೆಯುವ ಕಾಲವೂ ತಿಳಿದಿರಬೇಕು.

ಇಷ್ಟರಿಂದ ಆಯ್ಕೆಯ ಪ್ರಶ್ನೆ ಮುಗಿಯಿತೆನ್ನುವಂತಿಲ್ಲ. ಒಣಹುಲ್ಲು ಕೊಟ್ಟಿಗೆಯ ದನಗಳ ಆಹಾರ. ಅಗೆ ಹಾಕುವ ಕಾಲದಲ್ಲಿ ಹಿಂದಿನ ವರ್ಷದ ಹುಲ್ಲುಬಣವೆ ಕರಗುತ್ತ ಬಂದಿರುತ್ತದೆ. ಬಯಲಿನಲ್ಲಿ ಹೊಸ ಹುಲ್ಲು ಇನ್ನೂ ಚಿಗುರಿರುವುದಿಲ್ಲ. ಆಗ ಮಡಿಗೆ ಹಾಕುವ ಒಂದೊಂದು ಹೊರೆಯೂ ಹಸುವಿನ ಬಾಯಿಂದ ತೆಗೆದದ್ದಾಗುತ್ತದೆ. ಅದನ್ನು ಉಳಿಸಲು ಅನೇಕರು ಬೆಟ್ಟದ ಕಡೆ ತಿರುಗುತ್ತಾರೆ. ಈ ಸೀಮೆಯ ಅಡಿಕೆ ತೋಟಗಳಿಗೆ ಸೇರಿಕೊಂಡಂತೆ ಸೊಪ್ಪಿನ ಬೆಟ್ಟಗಳೆಂಬ ಕಾಡುಗಳಿವೆ. ಅಲ್ಲಿನ ಸೊಪ್ಪನ್ನೂ ದರಕು ಎಂದು ಕರೆಯುವ ತರಗೆಲೆಯನ್ನೂ ತಂದು ಕೊಟ್ಟಿಗೆಗೆ, ತೋಟಕ್ಕೆ ಬಳಸುವುದು ಬಹುಕಾಲದ ರೂಢಿ.

ಆದರೆ ತರಗೆಲೆಯು ಬೆಟ್ಟ ತಾನೇ ಹೊದ್ದುಕೊಂಡ ಹೊದಿಕೆ. ಕಾಡಿನ ಮರಗಳಿಂದ ಉದುರಿದ ಬೀಜಗಳು ಅದರಡಿಯಲ್ಲಿಯೇ ಮೊಳೆಯುತ್ತವೆ. ಗುಡಿಸಿ ತಂದದ್ದು ಮಿತಿಯಲ್ಲಿದ್ದರೆ ಬೆಟ್ಟ ಅದನ್ನು ಮರುವರ್ಷ ತುಂಬಿಕೊಳ್ಳುತ್ತದೆ. ಮಿತಿ ಮೀರಿದರೆ ಮಡಿಯ ಮೇಲೆ ಬೀಳಬೇಕಿದ್ದ ಪೆಟ್ಟು ಬೆಟ್ಟದ ಮೇಲೆ ಬೀಳುತ್ತದೆ. ಇಳಿಜಾರಿನ ಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ. ಜಂಬಿಟ್ಟಿಗೆ ಕಲ್ಲು ಮೇಲೇಳುತ್ತದೆ. ಮಳೆಗಾಲದ ನೀರನ್ನು ಹಿಡಿದಿಡಬೇಕಾದ ನೆಲ ಅದನ್ನು ಒಂದೇ ಸಲಕ್ಕೆ ಬಿಟ್ಟುಕೊಡುತ್ತದೆ. ಆಗ ಬೇಸಗೆಯಲ್ಲಿ ಒಣಗುವುದು ಕೆಳಗಿನ ತೋಟವೇ.

ಆದುದರಿಂದ ಹೊದಿಕೆಯನ್ನು ಆರಿಸುವವನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಬೀಜಕ್ಕೆ ಒಗ್ಗುವುದೇ? ಇದನ್ನು ತಂದ ಜಾಗ ಬರಿದಾಗುವುದೇ? ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಲು ವಿಜ್ಞಾನ ನೆರವಾಗುತ್ತದೆ. ಕೆಳದಿಯ ಶಿವಪ್ಪ ನಾಯಕನ ಹೆಸರನ್ನು ಹೊತ್ತ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣವು ಆನಂದಪುರದ ಸಮೀಪದ ಇರುವಕ್ಕಿಯಲ್ಲಿಯೇ ಇದೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವನು ರೈತನೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಕಳಿತ ಗೊಬ್ಬರದ ತೆಳುಪದರ, ಅದರ ಮೇಲೆ ಹಿಡಿತದಿಂದ ಚೆಲ್ಲಿದ ಒಣಹುಲ್ಲು – ಇಷ್ಟಿದ್ದರೆ ಮಡಿಗೆ ಸಾಕು. ತೆಗೆದ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಅದು ಮುಂದಿನ ವರ್ಷ ಮತ್ತೆ ಮಡಿಗೆ ಬರುತ್ತದೆ. ಗದ್ದೆ ಕೊಟ್ಟದ್ದು ಗದ್ದೆಗೆ ಮರಳುತ್ತದೆ. ಬೆಟ್ಟದ ಹೊದಿಕೆ ಬೆಟ್ಟದ ಮೇಲೆಯೇ ಉಳಿಯುತ್ತದೆ.