ಗೋಲಗುಮ್ಮಟದಲ್ಲಿ ಒಂದು ಪ್ರಶ್ನೆ



ಮಕ್ಕಳಿಗೆ ದೀನ್ ಮತ್ತು ದುನಿಯಾ ಎರಡನ್ನೂ ಹೇಗೆ ಪರಿಚಯಿಸಬೇಕೆಂದು ಜುಮಾ ಬಯಾನಿನಲ್ಲಿ ಹೇಳಿದ್ದೆವು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಸಿಂದಗಿಯಿಂದ ವಿಜಯಪುರ ಸುಮಾರು 60 ಕಿಲೋಮೀಟರ್. ನಮ್ಮ ಮಕ್ಕಳು ಬಟ್ಟೆ ಖರೀದಿಗೆ, ದವಾಖಾನೆಗೆ ಎಂದು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ಗೋಲಗುಮ್ಮಟ ಹತ್ತಿ, ಕೂಗಿ, ಇಳಿದು ಬರುತ್ತಾರೆ. ಮಕ್ತಬಿನ ಮಕ್ಕಳನ್ನು ಕರೆದುಕೊಂಡು ಹೋದಾಗ ನಾವೂ ಅಷ್ಟೇ ಮಾಡಿದೆವು. ಮೇಲೆ ಒಂದು ಕೂಗು ಹಲವು ಸಲ ಮರಳಿ ಬರುತ್ತದಲ್ಲ, ಹುಡುಗರು ಮನಸಾರೆ ಒದರಿದರು. ನಾವು ತಡೆಯಲಿಲ್ಲ. ಕೆಳಗಿಳಿದ ಮೇಲೆ ಒಬ್ಬ ಕೇಳಿದ: “ಹಜರತ್, ಇದು ಗೋರಿ ಅಲ್ಲೇನ್ರಿ? ಇಷ್ಟ ದೊಡ್ಡ ಗೋರಿ ಕಟ್ಟೂದು ದೀನದಾಗ ಐತೇನ್ರಿ?”

“ಮುಂದ ನಡೀಪಾ” ಎಂದುಬಿಟ್ಟೆವು. ಸುತ್ತ ಜನ ಇದ್ದರು, ಅದೊಂದು ನೆಪ.

ಅಲ್ಲಿಂದ ಜಾಮಿಯಾ ಮಸೀದಿಗೆ ಹೋದೆವು. ಮೊದಲನೇ ಅಲಿ ಆದಿಲ್ ಶಾಹ್ ಕಾಲದಲ್ಲಿ ಆರಂಭವಾದ ಕಟ್ಟಡವಿದು. ಒಳಗಿನ ನೆಲದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಮುಸಲ್ಲಾಗಳ ಗೆರೆ ಎಳೆದಿದ್ದಾರೆ. ಹುಡುಗರು ಒಬ್ಬೊಬ್ಬರು ಒಂದೊಂದರಲ್ಲಿ ನಿಂತರು. ಪ್ರಶ್ನೆ ಕೇಳಿದವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಗೇಣಿನಿಂದ ನಾಲ್ಕಾರು ಮುಸಲ್ಲಾ ಅಳೆಯಲು ಹೇಳಿದೆವು. ಎಲ್ಲವೂ ಒಂದೇ ಅಳತೆ. ಸುಲ್ತಾನ ಬಂದರೂ ಹಮಾಲ ಬಂದರೂ ನಮಾಜಿಗೆ ಇಷ್ಟೇ ಜಾಗ.

ಆಮೇಲೆ ಅವನ ಪ್ರಶ್ನೆಗೆ ಬಂದೆವು. ಗುಮ್ಮಟ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ತೀರಿಕೊಂಡದ್ದು 1656ರಲ್ಲಿ. ಗುಮ್ಮಟದ ಅಗಲ ಸುಮಾರು 44 ಮೀಟರ್. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದ ಖಬರುಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಖಬರಿನ ಮೇಲೆ ಕಟ್ಟಡ ಎಬ್ಬಿಸುವುದನ್ನು ಪ್ರವಾದಿ(ಸ) ತಡೆದರು. ಆಖಿರತ್ ನೆನಪಾಗಲೆಂದು ಖಬರುಗಳ ಬಳಿ ಹೋಗಲು ಹೇಳಿದವರೂ ಅವರೇ. ಎರಡನ್ನೂ ಮಕ್ಕಳಿಗೆ ಹೇಳಬೇಕು. ಮುಸ್ಲಿಮ್ ದೊರೆ ಮಾಡಿದ್ದೆಲ್ಲ ದೀನ್ ಅಲ್ಲ ಎಂದು ನಾವೇ ಹೇಳದಿದ್ದರೆ, ನಾಳೆ ಶಾಲೆಯಲ್ಲಿ ಯಾರಾದರೂ ಚುಚ್ಚಿ ಕೇಳಿದಾಗ ಹುಡುಗ ತಲೆ ತಗ್ಗಿಸುತ್ತಾನೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾನೆ. ಕಲ್ಲು ಕೆತ್ತಿದ ಕೈಗಳ ಕಸುಬನ್ನು ಮೆಚ್ಚಲು ಇದ್ಯಾವುದೂ ಅಡ್ಡಿಯಲ್ಲ.

ಅದೇ ದೊರೆ 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ಬ್ಯಾಸಗಿಯ ನೀರಿನ ಪಾಡು ನಮಗೆ ಹೊಸದಲ್ಲ. ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ಸದಖಾ ಮೇಲು ಎಂದು ಸಅದ್ ಬಿನ್ ಉಬಾದಾ(ರ) ಕೇಳಿದಾಗ, ನೀರು ಎಂದು ಪ್ರವಾದಿ(ಸ) ತಿಳಿಸಿದರು; ಅವರು ಬಾವಿ ತೋಡಿಸಿದರು. ಇದನ್ನು ಕೇಳಿದ ಮೇಲೆ ಮಕ್ಕಳಿಗೆ ಕೆರೆ ನೋಡುವ ಆಸೆ ಹುಟ್ಟಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು.

ರಜೆಯಲ್ಲಿ ಹೋಗುವವರು ಮೊದಲು ಜಾಮಿಯಾ ಮಸೀದಿಗೆ ಹೋಗಿ, ನಂತರ ಗುಮ್ಮಟಕ್ಕೆ. ಮೇಲೆ ಹತ್ತುವ ಮುಂಚೆ ಮಕ್ಕಳಿಂದ ಖಬರಿನವರಿಗೆ ಸಲಾಮ್ ಹೇಳಿಸಿ.

ಬಸ್ಸಿನಲ್ಲಿ ಆ ಹುಡುಗ ಮತ್ತೆ ಕೇಳಿದ: “ಹಂಗಾದ್ರ ನಾವು ಅಲ್ಲಿ ಒದರಬಾರದಿತ್ತಲ್ರಿ, ಹಜರತ್?”

“ಹೌದಪಾ, ಒದರಬಾರದಿತ್ತು. ಮೊದಲ ಹೇಳಬೇಕಾಗಿದ್ದವ್ರು ನಾವು” ಎಂದೆವು.