ನಿಮಗಿದು ಗೊತ್ತೆ? ಬಿಸಿಲಿಗೂ ಎದೆಬಡಿತಕ್ಕೂ ನಂಟು
ಗೋಕಾಕ ಜಲಪಾತದ ನೀರಿನಿಂದ 19ನೇ ಶತಮಾನದಲ್ಲೇ ವಿದ್ಯುತ್ ತೆಗೆದಿದ್ದರು. ಹುಕ್ಕೇರಿಯ ಹಳ್ಳಿಗಳಿಗೆ ಕರೆಂಟು ಕೊಡುವುದು ಅಲ್ಲಿಯದೇ ಸಹಕಾರಿ ಸಂಘ. ಇವಕ್ಕಿಂತ ಹಳೆಯ ವಿದ್ಯುತ್ ಕೇಂದ್ರ ನಮ್ಮೆಲ್ಲರ ಎದೆಯಲ್ಲೇ ಇದೆ: ಹೃದಯದ ಬಲ ಮೇಲ್ಕೋಣೆಯ ಪುಟ್ಟ ಗಂಟು. ನಿಮಿಷಕ್ಕೆ 60ರಿಂದ 100 ಬಾರಿ ಸಂಕೇತ ಹೊರಡುವುದು ಅಲ್ಲಿಂದ.

ಈ ವಿದ್ಯುತ್ತಿಗೆ ಕ್ಯಾಲ್ಸಿಯಂ ಬೇಕು, ಕರುಳು ಕ್ಯಾಲ್ಸಿಯಂ ಹೀರಲು ವಿಟಮಿನ್ ಡಿ ಬೇಕು. ಡಿ ತೀರಾ ಕುಸಿದು ರಕ್ತದ ಕ್ಯಾಲ್ಸಿಯಂ ಇಳಿದರೆ ಇಸಿಜಿಯಲ್ಲಿ ‘ಕ್ಯೂಟಿ’ ಅಂತರ ಉದ್ದವಾಗುತ್ತದೆ. ಅಂದರೆ ಒಂದು ಬಡಿತ ಮುಗಿಸಿದ ಹೃದಯ ಮುಂದಿನದಕ್ಕೆ ಸಜ್ಜಾಗಲು ತಡಮಾಡುತ್ತಿದೆ. ತಾಳ ತಪ್ಪುವ ಭಯ ಇರುವುದು ಆಗಲೇ.

ಹಾಗಂತ ಡಿ ಗುಳಿಗೆ ನುಂಗಿದವರ ಹೃದಯವೆಲ್ಲ ಭದ್ರವೇನಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ‘ವೈಟಲ್’ ಅಧ್ಯಯನದಲ್ಲಿ ಡಿ ಗುಳಿಗೆಯಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ.

ಮೂಡಲಗಿಯ ಕಬ್ಬಿನ ಹೊಲದಲ್ಲಿ ದುಡಿಯುವವರಿಗೆ ವಿಟಮಿನ್ ಡಿ ಕೊಡುವ ಬಿಸಿಲಿನ ಬರವಿಲ್ಲ. ಗಾಜಿನ ಕಿಟಕಿಯ ಹಿಂದೆ ಕೂತವರಿಗೆ ಮಾತ್ರ ಆ ಬಿಸಿಲು ದಕ್ಕದು, ಡಿ ತಯಾರಿಸುವ ಕಿರಣವನ್ನು ಗಾಜು ತಡೆಯುತ್ತದೆ. ಗೋಕಾಕ ಕರದಂಟು ತಿಂದೂ ಈ ಕೊರತೆ ನೀಗದು, ರುಚಿ ಮಾತ್ರ ಲಾಭ! ಡಿ ಅತಿಯಾದರೂ ಕ್ಯಾಲ್ಸಿಯಂ ಏರಿ ತೊಂದರೆ. ವೈದ್ಯರನ್ನು ಕೇಳದೆ ಗುಳಿಗೆ ಶುರು ಮಾಡಬೇಡಿ.